ಬೊಂಬೆ ಎಷ್ಟಿವೆ ಅಂತ ಮೊದಲು ಕೇಳಿ: ಎರಡು ದಿನದ ಪ್ರಥಮ ಚಿಕಿತ್ಸೆ ಕೋರ್ಸ್ ಬಗ್ಗೆ

ಪ್ರಥಮ ಚಿಕಿತ್ಸೆ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ ಒಂದು ಮಾತು ಕೇಳಿ. ಎಷ್ಟು ಮಂದಿಗೆ ಎಷ್ಟು ಬೊಂಬೆ ಇಟ್ಟಿದ್ದೀರಿ ಅಂತ. ಎದೆ ಒತ್ತಿ ಜೀವ ಉಳಿಸುವುದನ್ನು ಅಭ್ಯಾಸ ಮಾಡುವುದು ಆ ಬೊಂಬೆಯ ಮೇಲೆ. ಫೀ ಎಷ್ಟು, ಸರ್ಟಿಫಿಕೇಟ್ ಯಾವಾಗ ಸಿಗುತ್ತದೆ, ಊಟ ಇದೆಯೋ ಇಲ್ಲವೋ, ಇದೆಲ್ಲ ಆಮೇಲೆ. ನಾನು ಕೇಳದೆ ಹೋದೆ. ನಮ್ಮ ಬ್ಯಾಚಿನಲ್ಲಿ 24 ಮಂದಿಗೆ 2 ಬೊಂಬೆ ಇದ್ದವು. ಹಾಗಿದ್ದರೂ ಆ ಎರಡು ದಿನಕ್ಕೆ ಕೊಟ್ಟ ದುಡ್ಡು ಸುಮ್ನೆ ಹೋಯಿತು ಅಂತ ನನಗೆ ಒಮ್ಮೆಯೂ ಅನ್ನಿಸಿಲ್ಲ. ಎರಡನ್ನೂ ಹೇಳಬೇಕು ಅಂತ ಕೂತು ಬರೆಯುತ್ತಿದ್ದೇನೆ.

ನಾನು ಧಾರವಾಡದಲ್ಲಿ ಖಾನಾವಳಿ ನಡೆಸುತ್ತೇನೆ. ಹನ್ನೊಂದು ವರ್ಷ ಆಯಿತು. ಮಧ್ಯಾಹ್ನ ಮತ್ತು ರಾತ್ರಿ ಸೇರಿ ಸುಮಾರು ನೂರು ಮಂದಿ ಉಣ್ಣುತ್ತಾರೆ. ಹೆಚ್ಚಿನವರು ಓದಲು ಬಂದ ಹುಡುಗರು, ಇಲ್ಲಾ ಒಂಟಿಯಾಗಿರುವ ಹಿರಿಯರು. ರೊಟ್ಟಿ, ಎಣ್ಣೆಗಾಯಿ, ಒಂದು ಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು. ತಾಟಿನ ಅಂಚಿನಲ್ಲಿ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಗಜ್ಜರಿ.

ಕಳೆದ ವರ್ಷ ಆಷಾಢದಲ್ಲಿ ಒಂದು ಮಧ್ಯಾಹ್ನ, ದಿನಾ ಬರುವ ನಿವೃತ್ತ ಮೇಷ್ಟ್ರು ಊಟದ ನಡುವೆ ಎದ್ದು ನಿಂತರು. ಮಾತಿಲ್ಲ, ಕೆಮ್ಮಿಲ್ಲ. ಒಂದು ಕೈ ಗಂಟಲ ಮೇಲೆ ಇತ್ತು. ಇನ್ನೊಂದು ಕೈ ಮೇಜನ್ನು ಹಿಡಿದಿತ್ತು. ಮುಖ ನೋಡನೋಡುತ್ತಲೇ ಕಪ್ಪಿಟ್ಟಿತು. ನಾನು ಓಡಿಹೋಗಿ ನೀರಿನ ಲೋಟವನ್ನು ಅವರ ಬಾಯಿಗೆ ಹಿಡಿದೆ. ನೀರು ಒಳಗೆ ಹೋಗಲಿಲ್ಲ, ಅಂಗಿಯ ಮೇಲೆ ಸುರಿಯಿತು. ಯಾರೋ ತಲೆ ತಟ್ಟಿದರು. ಯಾರೋ ಮೇಲೆ ನೋಡಿರಿ ಅಂದರು. ಪಕ್ಕದ ಮೇಜಿನಲ್ಲಿದ್ದ ನರ್ಸಿಂಗ್ ಓದುವ ಹುಡುಗಿ ತಾಟು ಬಿಟ್ಟು ಬಂದಳು. ಅವರನ್ನು ಸೊಂಟದಿಂದ ಮುಂದಕ್ಕೆ ಬಗ್ಗಿಸಿ, ಎದೆಗೆ ಒಂದು ಕೈ ಆನಿಸಿ, ಬೆನ್ನಿನ ಎರಡು ರೆಕ್ಕೆ ಎಲುಬುಗಳ ನಡುವೆ ಅಂಗೈ ಬುಡದಿಂದ ಹೊಡೆದಳು. ಮೂರನೇ ಏಟಿಗೆ ಗಜ್ಜರಿಯ ಒಂದು ದಪ್ಪ ಬಿಲ್ಲೆ ನೆಲಕ್ಕೆ ಬಿತ್ತು. ಎಲ್ಲ ಸೇರಿ ಒಂದು ನಿಮಿಷ ಆಗಿರಬೇಕು.

ಆ ಹುಡುಗಿ ಕೈ ತೊಳೆದುಕೊಂಡು ಬಂದು ಒಂದೇ ಮಾತು ಹೇಳಿದಳು. "ಅಕ್ಕಾರ, ದಿನಾ ಇಷ್ಟು ಮಂದಿಗೆ ಉಣ್ಣಾಕ ನೀಡ್ತೀರಿ, ಇದನ್ನೂ ಒಂದು ಕಲತಬಿಡ್ರಿ."

ಆ ಗಜ್ಜರಿ ಹೆಚ್ಚಿದವಳು ನಾನೇ. ರಾತ್ರಿ ನಿದ್ದೆ ಬರಲಿಲ್ಲ.

ಕೋರ್ಸ್ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ. ಶನಿವಾರ, ಭಾನುವಾರ, ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದು. ಒಬ್ಬರಿಗೆ 1,400 ರೂಪಾಯಿ. ಅದರಲ್ಲೇ ಊಟ, ಒಂದು ಸಣ್ಣ ಪುಸ್ತಕ, ಒಂದು ತ್ರಿಕೋನ ಬಟ್ಟೆ, ಕೊನೆಗೆ ಸರ್ಟಿಫಿಕೇಟ್. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಕಲಿಸುವವರು ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತಾರೆ. ನಾನು ಕಂಡ ಕೊರತೆ ಮುಂದಿನ ಬ್ಯಾಚಿನಲ್ಲಿ ಇಲ್ಲದಿರಬಹುದು. ನನ್ನ ಜೊತೆ ರೊಟ್ಟಿ ಬಡಿಯುವ ಅಕ್ಕನನ್ನೂ ಕರೆದುಕೊಂಡು ಹೋದೆ. ಎರಡು ದಿನ ಖಾನಾವಳಿಗೆ ಬೀಗ ಹಾಕಿದೆವು. ಚಿಗರಿ ಬಸ್ಸಿನಲ್ಲಿ ಹೋಗುವಾಗ ಅಕ್ಕ ಕೇಳಿದಳು, "ನಾ ನಾಕನೇತ್ತಾ ಕಲತಾಕಿ, ನನಗ ತಿಳೀತೈತೇನ್ರಿ?" ಎರಡನೆಯ ದಿನ ಬೊಂಬೆಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ಮಾಡಿದವಳು ಅವಳೇ. ಓದು ಬರಹ ಕಡಿಮೆ ಅಂತ ಹಿಂಜರಿಯುವವರಿಗೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಬ್ಯಾಚಿನಲ್ಲಿ ಅರ್ಧದಷ್ಟು ಹುಡುಗರು ಕಂಡಕ್ಟರ್ ಲೈಸೆನ್ಸಿಗಾಗಿ ಬಂದಿದ್ದರು. ಲೈಸೆನ್ಸ್ ಅರ್ಜಿಗೆ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಬೇಕು. ನಾಲ್ಕು ಮಂದಿ ತಾರಿಹಾಳದ ಕಾರ್ಖಾನೆಯವರು. 1948ರ ಕಾರ್ಖಾನೆ ಕಾಯ್ದೆಯಲ್ಲಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಟ್ಟರಷ್ಟೇ ಸಾಲದು, ಅದನ್ನು ನೋಡಿಕೊಳ್ಳುವವರು ತರಬೇತಿ ಆದವರಾಗಿರಬೇಕು ಅಂತ ಇತ್ತಂತೆ. ಇಬ್ಬರು ಶಾಲೆಯ ಟೀಚರುಗಳು, ಒಬ್ಬ ಜಿಮ್ ಹುಡುಗ, ಮನೆಯಲ್ಲಿ ಹೃದಯದ ತೊಂದರೆ ಇರುವ ಗಂಡನನ್ನು ನೋಡಿಕೊಳ್ಳುವ ಒಬ್ಬ ತಾಯಿ. ಆ ಕಂಡಕ್ಟರ್ ಹುಡುಗರು ಮೊದಲ ಗಂಟೆಯಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದರು. ನಾನು ಅವರನ್ನು ತಪ್ಪು ತಿಳಿದೆ. ಬೊಂಬೆ ನೆಲಕ್ಕೆ ಇಳಿದ ಮೇಲೆ ಅವರ ಹಾಗೆ ಬೆವರು ಸುರಿಸಿದವರು ಇನ್ನೊಬ್ಬರಿಲ್ಲ.

ಕಲಿಸಿದವರು ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ನಿವೃತ್ತರಾದವರು. ಅರವತ್ತು ದಾಟಿದ ವಯಸ್ಸು, ಗಟ್ಟಿ ದನಿ. ಎರಡನೆಯ ದಿನ ಎರಡು ಗಂಟೆ ಒಬ್ಬ ವೈದ್ಯೆ ಬಂದರು.

ಮೊದಲ ಗಂಟೆ ಪೂರ್ತಿ ಕಾನೂನು ಮತ್ತು ಹೆದರಿಕೆಯ ಮಾತು. ಬೇಸರ ಬರುತ್ತದೆ ಅಂದುಕೊಂಡಿದ್ದೆ. ಆದರೆ ಅದೇ ಬೇಕಾಗಿತ್ತು. ಸಾರ್ ಕೇಳಿದರು, ರಸ್ತೆಯಲ್ಲಿ ಒಬ್ಬ ಬಿದ್ದಿದ್ದಾನೆ, ನೀವು ಯಾಕೆ ನಿಲ್ಲುವುದಿಲ್ಲ? ಎಲ್ಲರ ಉತ್ತರ ಒಂದೇ. ಪೊಲೀಸ್, ಕೋರ್ಟು, ಆಸ್ಪತ್ರೆ ಬಿಲ್ಲು. ಆಗ ಅವರು ವಿವರಿಸಿದರು. 2016ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಸಹಾಯ ಮಾಡುವವರ ರಕ್ಷಣೆಯ ನಿಯಮಗಳನ್ನು ಎತ್ತಿಹಿಡಿಯಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಒಂದು ಕಲಂ ಸೇರಿತು. ನಮ್ಮ ಕರ್ನಾಟಕದ್ದೇ ಪ್ರತ್ಯೇಕ ಕಾಯ್ದೆಯೂ ಇದೆ. ಗಾಯಾಳುವನ್ನು ಆಸ್ಪತ್ರೆಗೆ ತಂದವರು ಹೆಸರು ಹೇಳಲೇಬೇಕು ಅಂತಿಲ್ಲ. ದುಡ್ಡು ಕಟ್ಟಿ ಅಂತ ಅವರನ್ನು ಹಿಡಿದು ಕೂರಿಸುವ ಹಾಗಿಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ ಸಹಾಯದಲ್ಲಿ ಏನಾದರೂ ಹೆಚ್ಚು ಕಡಿಮೆ ಆದರೂ ಕೇಸಿಲ್ಲ. ಕಂಡಕ್ಟರ್ ಹುಡುಗರು ಮೊಬೈಲ್ ಕೆಳಗಿಟ್ಟಿದ್ದು ಆಗ.

ಆಮೇಲೆ ಒಂದು ಕ್ರಮ ಕಲಿಸಿದರು. ಮೊದಲು ನೀವು ನಿಂತಿರುವ ಜಾಗ ಸುರಕ್ಷಿತವೇ ನೋಡಿ. ಕರೆಂಟ್ ತಂತಿ, ಗ್ಯಾಸ್, ಬರುವ ಗಾಡಿ. ಆಮೇಲೆ ಭುಜ ತಟ್ಟಿ ಜೋರಾಗಿ ಮಾತಾಡಿಸಿ. ಎಚ್ಚರ ಇಲ್ಲದಿದ್ದರೆ 108ಕ್ಕೆ ಫೋನ್. ಇಲ್ಲೊಂದು ಸೂಕ್ಷ್ಮ ಇದೆ. "ಯಾರಾದರೂ ಫೋನ್ ಮಾಡಿ" ಅಂತ ಕೂಗಿದರೆ ಯಾರೂ ಮಾಡುವುದಿಲ್ಲ. ಒಬ್ಬರ ಕಡೆ ಬೆರಳು ಮಾಡಿ "ನೀಲಿ ಅಂಗಿಯವರೇ, ನೀವು 108ಕ್ಕೆ ಮಾಡಿ, ಮಾಡಿ ಬಂದು ನನಗೆ ಹೇಳಿ" ಅನ್ನಬೇಕು. ಇದನ್ನು ನಾವು ಒಬ್ಬೊಬ್ಬರೂ ಎದ್ದು ನಿಂತು ಕೂಗಿ ಅಭ್ಯಾಸ ಮಾಡಿದೆವು. ನನ್ನ ದನಿ ಮೊದಲ ಸಲ ಹೊರಗೇ ಬರಲಿಲ್ಲ. ಮೂರನೇ ಸಲಕ್ಕೆ ಬಂತು.

ಹತ್ತು ಸೆಕೆಂಡು ಎದೆ ನೋಡಬೇಕು, ಉಸಿರಾಟಕ್ಕೆ ಏಳುತ್ತಾ ಇಳಿಯುತ್ತಾ ಇದೆಯಾ ಅಂತ. ಒಮ್ಮೊಮ್ಮೆ ಬಾಯಿ ತೆರೆದು ಗೊರಕೆಯ ಹಾಗೆ ಒಂದೊಂದೇ ಉಸಿರು ಎಳೆಯುತ್ತಾರೆ. ಅದನ್ನು ಉಸಿರಾಟ ಅಂತ ಎಣಿಸಬಾರದು. ಹೃದಯ ನಿಂತವರಲ್ಲೂ ಅದು ಕೆಲವು ನಿಮಿಷ ಕಾಣುತ್ತದೆ. ಇದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಓಣಿಯಲ್ಲಿ ಒಬ್ಬರಿಗೆ ಹಾಗಾದಾಗ "ಇನ್ನೂ ಉಸಿರು ಐತಿ" ಅಂತ ನಾವೆಲ್ಲ ಸುತ್ತ ನಿಂತು ಗಾಳಿ ಬೀಸಿದ್ದು ನೆನಪಾಯಿತು.

ಇನ್ನು ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವುದು. ಕೋರ್ಸಿನ ಜೀವಾಳ ಇದು. ಸಾರ್ ಆ ಹೆಸರು ಎತ್ತಿದ ಕೂಡಲೇ ಹಿಂದಿನ ಸಾಲಿನ ಹುಡುಗ ಅಪ್ಪು ಅಂದ. ಕ್ಲಾಸು ಸುಮ್ಮನಾಯಿತು. 2021ರ ಅಕ್ಟೋಬರ್ 29 ಯಾರಿಗೆ ಮರೆಯುತ್ತದೆ. ಸಾರ್ ಅಲ್ಲಿಂದಲೇ ಶುರು ಮಾಡಿದರು. ಹಾರ್ಟ್ ಅಟ್ಯಾಕ್ ಬೇರೆ, ಹೃದಯ ನಿಲ್ಲುವುದು ಬೇರೆ. ಅಟ್ಯಾಕ್ ಅಂದರೆ ರಕ್ತನಾಳ ಕಟ್ಟುವುದು. ಮನುಷ್ಯ ಎಚ್ಚರವಾಗಿರುತ್ತಾನೆ, ಎದೆ ಒತ್ತುತ್ತದೆ ಅನ್ನುತ್ತಾನೆ, ಬೆವರುತ್ತಾನೆ. ಅವನ ಎದೆ ಒತ್ತಲು ಹೋಗಬಾರದು. ನಡೆಸಬಾರದು, ಕೂರಿಸಿ ಆಸ್ಪತ್ರೆಗೆ ಸಾಗಿಸಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ತೆಗೆದು, ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಹೃದಯವೇ ನಿಂತರೆ ಎಚ್ಚರ ಇರುವುದಿಲ್ಲ, ಸರಿಯಾದ ಉಸಿರೂ ಇರುವುದಿಲ್ಲ. ಆಗ ಒತ್ತಬೇಕು. ನಾಲ್ಕರಿಂದ ಆರು ನಿಮಿಷದೊಳಗೆ ಮಿದುಳು ಕೆಡಲು ಶುರುವಾಗುತ್ತದೆ. ಅಂಬುಲೆನ್ಸ್ ಎಷ್ಟೇ ಬೇಗ ಬಂದರೂ ಆ ನಿಮಿಷಗಳು ನಮ್ಮ ಕೈಯಲ್ಲೇ ಇರುತ್ತವೆ.

ಬೊಂಬೆಯನ್ನು ಚೀಲದಿಂದ ತೆಗೆದರು. ಸೊಂಟದ ತನಕ ಮಾತ್ರ ಇರುವ ಒಂದು ಹೆಣ್ಣಿನ ಬೊಂಬೆ, ಕಣ್ಣು ಮುಚ್ಚಿದ ಶಾಂತ ಮುಖ. ಆ ಮುಖದ ಕಥೆಯನ್ನು ಸಾರ್ ಹೇಳಿದರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಒಬ್ಬ ಹುಡುಗಿಯ ಹೆಣ ಸಿಕ್ಕಿತಂತೆ. ಯಾರು ಅಂತ ತಿಳಿಯಲಿಲ್ಲವಂತೆ. ಅವಳ ಮುಖದ ಅಚ್ಚು ಅಂತ ಹೇಳುವ ಒಂದು ಮುಖವಾಡ ಮನೆಮನೆಗಳ ಗೋಡೆಗೆ ಏರಿತು. 1960ರಲ್ಲಿ ನಾರ್ವೆಯ ಆಸ್ಮುಂಡ್ ಲೇರ್ಡಾಲ್ ಎಂಬ ಆಟಿಕೆ ತಯಾರಕರು ಉಸಿರು ಕೊಡುವ ಅಭ್ಯಾಸಕ್ಕೆ ಬೊಂಬೆ ಮಾಡಿದಾಗ ಆ ಮುಖವನ್ನೇ ಇಟ್ಟರು. ನಾನು ಮೊಣಕಾಲೂರಿ ಅವಳ ಪಕ್ಕ ಕೂತಾಗ ಕೈ ಸ್ವಲ್ಪ ನಡುಗಿತು. ಯಾರ ಮಗಳೋ ಏನೋ.

ಅಂಗೈ ಬುಡವನ್ನು ಎದೆಯ ನಡುವೆ, ನಡು ಎಲುಬಿನ ಕೆಳಗಿನ ಅರ್ಧದ ಮೇಲೆ ಇಡಬೇಕು. ಇನ್ನೊಂದು ಕೈ ಅದರ ಮೇಲೆ. ಮೊಣಕೈ ನೆಟ್ಟಗೆ. 5 ಸೆಂಟಿಮೀಟರಿಗೆ ಕಡಿಮೆ ಇಲ್ಲದ ಹಾಗೆ, 6 ದಾಟದ ಹಾಗೆ ಒತ್ತಬೇಕು. ನಿಮಿಷಕ್ಕೆ 100ರಿಂದ 120. ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. 30 ಸಲ ಒತ್ತಿ 2 ಉಸಿರು. ಪುಸ್ತಕದಲ್ಲಿ ಇದು ಐದು ಸಾಲು. ಮೈಯಲ್ಲಿ ಇದು ಬೇರೆಯೇ ಸಂಗತಿ.

ದಿನಾ ಇನ್ನೂರು ರೊಟ್ಟಿ ಬಡಿಯುವ ಕೈ ನಮ್ಮದು, ಇದು ಸುಲಭ ಅಂತ ನಾನೂ ಅಕ್ಕನೂ ಅಂದುಕೊಂಡೆವು. ತಾಳ ನಮಗೆ ಬೇಗ ಸಿಕ್ಕಿತು, ನಿಜ. ರೊಟ್ಟಿಯ ಬಡಿತದ ಓಟವೇ ಅಲ್ಲಿ ಕೆಲಸಕ್ಕೆ ಬಂತು. ಆದರೆ ರೊಟ್ಟಿಗೆ ಬೇಕಾಗುವುದು ಮಣಿಕಟ್ಟು. ಇಲ್ಲಿ ಬಲ ಸೊಂಟದಿಂದ ಬರಬೇಕು. ಸಾರ್ ನನ್ನ ಮೊಣಕೈಯನ್ನು ಎರಡು ಸಲ ನೆಟ್ಟಗೆ ಮಾಡಿದರು. "ಅಂಜಬ್ಯಾಡ್ರಿ, ಇನ್ನೂ ಜೋರ್ ಒತ್ರಿ" ಅಂದರು. ಸರಿಯಾದ ಆಳಕ್ಕೆ ಹೋದರೆ ಬೊಂಬೆಯ ಒಳಗೆ ಟಕ್ ಅಂತ ಸದ್ದು ಬರುತ್ತದೆ. ಮೊದಲ ಹದಿನೈದು ಒತ್ತಿನಲ್ಲಿ ನನಗೆ ಆ ಸದ್ದು ನಾಲ್ಕು ಸಲ ಬಂತು, ಅಷ್ಟೇ. ನಿಜವಾದ ಮನುಷ್ಯರಲ್ಲಿ ಪಕ್ಕೆಲುಬು ಮುರಿಯುವುದೂ ಉಂಟಂತೆ. ಮುರಿದರೂ ನಿಲ್ಲಿಸಬಾರದು. ಮುರಿದ ಎಲುಬು ಕೂಡುತ್ತದೆ ಅಂದರು ಸಾರ್.

ಎಣಿಕೆಯದ್ದು ಇನ್ನೊಂದು ಪಾಠ. ಜೋರಾಗಿ ಎಣಿಸುತ್ತಾ ಒತ್ತಬೇಕು. ನಾವು ಕನ್ನಡದಲ್ಲಿ ಎಣಿಸಿದೆವು. ಹತ್ತರವರೆಗೆ ಓಟ ಚೆನ್ನಾಗಿತ್ತು. ಇಪ್ಪತ್ತು ದಾಟಿದ ಕೂಡಲೇ ಎಲ್ಲರ ಕೈಯೂ ನಿಧಾನವಾಯಿತು. "ಇಪ್ಪತ್ತೇಳು, ಇಪ್ಪತ್ತೆಂಟು" ಅನ್ನಲು ಬಾಯಿಗೇ ಹೊತ್ತು ಬೇಕು, ಕೈ ಬಾಯಿಯ ಹಿಂದೆ ಹೋಗುತ್ತದೆ. ಸಾರ್ ಇದನ್ನು ಬಲ್ಲವರು. ಒಂದರಿಂದ ಹತ್ತರವರೆಗೆ ಮೂರು ಸಲ ಎಣಿಸಿ ಅಂದರು. ಕೂಡಲೇ ಎಲ್ಲರ ಓಟ ಸರಿಹೋಯಿತು. ಇಷ್ಟು ಸಣ್ಣ ಮಾತಿಗೆ ನಾನು ಆ ಮನುಷ್ಯರಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಇಂಗ್ಲಿಷ್ ಪುಸ್ತಕ ನೋಡಿ ಕಲಿಸುವವರಿಗೆ ಇದು ಹೊಳೆಯುವುದಿಲ್ಲ.

ಎರಡು ನಿಮಿಷ ಒತ್ತಿದರೆ ಭುಜ ಉರಿಯುತ್ತದೆ, ಮಾತು ಬರುವುದಿಲ್ಲ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರು ಕೈ ಬದಲಿಸಬೇಕು. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಮನಸ್ಸಾಗದಿದ್ದರೆ ಬರೀ ಒತ್ತುತ್ತಾ ಇರಿ, ಅದೂ ಜೀವ ಉಳಿಸುತ್ತದೆ ಅಂತ ಸ್ಪಷ್ಟವಾಗಿ ಹೇಳಿದರು. ಆದರೆ ನೀರಿನಲ್ಲಿ ಮುಳುಗಿದವರಿಗೂ ಸಣ್ಣ ಮಕ್ಕಳಿಗೂ ಉಸಿರು ಕೊಡಲೇಬೇಕು. ಅವರಲ್ಲಿ ಮೊದಲು ಕಟ್ಟಿದ್ದು ಉಸಿರು, ಆಮೇಲೆ ಹೃದಯ.

ನನ್ನ ದೊಡ್ಡ ತಕರಾರು ಇಲ್ಲೇ ಇದೆ. ಮೊದಲ ದಿನ ಒಬ್ಬೊಬ್ಬರಿಗೂ ಸಿಕ್ಕಿದ್ದು ಎರಡು ಸುತ್ತು. ಒಂದು ನಿಮಿಷವೂ ಆಗಲಿಲ್ಲ. ಉಳಿದ ಹೊತ್ತು ಬೇರೆಯವರು ಒತ್ತುವುದನ್ನು ನಿಂತು ನೋಡಿದೆವು. ನೋಡಿ ಕಲಿಯುವ ಕೆಲಸ ಇದಲ್ಲ. ಸಂಜೆ ನಾನು ಸಾರ್ ಹತ್ತಿರ ಹೋಗಿ ಹಾಗೇ ಹೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಮರುದಿನ ಒಂಬತ್ತಕ್ಕೇ ಬನ್ನಿ, ಊಟದ ಹೊತ್ತಿನಲ್ಲೂ ಬೊಂಬೆ ಹೊರಗೇ ಇರುತ್ತದೆ ಅಂದರು. ಏಳು ಮಂದಿ ಬೇಗ ಹೋದೆವು. ಅಕ್ಕ ಆರು ಸುತ್ತು ಒತ್ತಿದಳು, ನಾನು ಐದು. ಆ ಬೆಳಗಿನ ಅರ್ಧ ಗಂಟೆ ಇಲ್ಲದಿದ್ದರೆ ನಾನು ಈ ಕೋರ್ಸನ್ನು ಯಾರಿಗೂ ಹೇಳುತ್ತಿರಲಿಲ್ಲ. ಎಇಡಿ ಅನ್ನುವ ಶಾಕ್ ಕೊಡುವ ಯಂತ್ರವನ್ನು ಬರೀ ವಿಡಿಯೋದಲ್ಲಿ ತೋರಿಸಿದರು. ಮಗುವಿನ ಬೊಂಬೆ ಒಂದೇ ಇತ್ತು, ಅದರ ಎದೆ ಒತ್ತಿದರೆ ವಾಪಸ್ ಏಳುತ್ತಿರಲಿಲ್ಲ. ಸ್ಕ್ರೀನಿನ ಮೇಲಿನ ಅಕ್ಷರವೆಲ್ಲ ಇಂಗ್ಲಿಷ್. ಸಾರ್ ಬಾಯಲ್ಲಿ ಕನ್ನಡ ಇದ್ದದ್ದರಿಂದ ನಡೆಯಿತು. ಇಷ್ಟು ದುಡ್ಡು ತೆಗೆದುಕೊಳ್ಳುವಾಗ ಕನ್ನಡದಲ್ಲಿ ನಲವತ್ತು ಹಾಳೆ ಬರೆಸುವುದು ಕಷ್ಟವಲ್ಲ ಅಲ್ವಾ?

ಹೆಂಗಸರಿಗೆ ಒಂದು ಮಾತು. ಸೀರೆಯಲ್ಲಿ ಹೋಗಬೇಡಿ. ನಾವಿಬ್ಬರೂ ಮೊದಲ ದಿನ ಸೀರೆಯಲ್ಲಿ ಹೋಗಿ ಮೊಣಕಾಲೂರಿ ಬಗ್ಗಿದಾಗ ಸೆರಗು ಬೊಂಬೆಯ ಮುಖದ ಮೇಲೆ ಬೀಳುತ್ತಿತ್ತು. ಎರಡನೆಯ ದಿನ ಚೂಡಿದಾರ ಹಾಕಿಕೊಂಡು, ಬಳೆ ತೆಗೆದು, ಮೊಣಕಾಲಿನ ಕೆಳಗೆ ಇಡಲು ಟವೆಲ್ ತೆಗೆದುಕೊಂಡು ಹೋದೆವು. ಇನ್ನೊಂದು. ಬಿದ್ದವಳು ಹೆಂಗಸಾದರೆ ಗಂಡಸರು ಎದೆ ಮುಟ್ಟಲು ಹಿಂಜರಿಯುತ್ತಾರೆ. ಒಬ್ಬ ಹುಡುಗ ಇದನ್ನು ತಲೆ ತಗ್ಗಿಸಿ ಕೇಳಿದ. ಯಾರೂ ನಗಲಿಲ್ಲ. ಸಾರ್ ಉತ್ತರಿಸುವ ಮೊದಲೇ ಹೃದಯದ ತೊಂದರೆಯ ಮನೆಯ ಆ ತಾಯಿ ಎದ್ದು ನಿಂತರು. "ನಾ ಬಿದ್ರ ಒತ್ತಪಾ, ವಿಚಾರ ಮಾಡಬ್ಯಾಡ" ಅಂದರು. ಸುತ್ತ ನಾಲ್ಕು ಮಂದಿಯನ್ನು ಹೊರಗೆ ಮುಖ ಮಾಡಿ ನಿಲ್ಲಿಸಿ, ಒಂದು ದುಪ್ಪಟ್ಟಾ ಅಡ್ಡ ಹಿಡಿಸಿ, ಕೈ ಮಾತ್ರ ನಿಲ್ಲಿಸಬೇಡ ಅಂತ ಸಾರ್ ಸೇರಿಸಿದರು.

ನಾನು ಯಾವುದಕ್ಕೆ ಹೋಗಿದ್ದೆನೋ ಅದು, ಗಂಟಲಲ್ಲಿ ಸಿಕ್ಕುವುದು, ಬಂದದ್ದು ಸಂಜೆ ನಾಲ್ಕಕ್ಕೆ. ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಮುಟ್ಟಬೇಡಿ. ಕೆಮ್ಮು ನಿಂತು, ಮಾತು ನಿಂತರೆ ಮುಂದಕ್ಕೆ ಬಗ್ಗಿಸಿ ಬೆನ್ನಿಗೆ 5 ಏಟು. ಹೋಗದಿದ್ದರೆ ಹಿಂದೆ ನಿಂತು ತಬ್ಬಿ, ಹೊಕ್ಕುಳ ಮತ್ತು ಎದೆ ಎಲುಬಿನ ನಡುವೆ ಮುಷ್ಟಿಯಿಟ್ಟು ಒಳಗೆ, ಮೇಲಕ್ಕೆ 5 ಸಲ ಎಳೆತ. ಈ ಎಳೆತವನ್ನು 1974ರಲ್ಲಿ ಅಮೆರಿಕದ ಡಾಕ್ಟರ್ ಹೈಮ್ಲಿಕ್ ಜನರ ಮುಂದಿಟ್ಟರು. ಬಸುರಿಯರಿಗೂ ತುಂಬಾ ದಪ್ಪ ಇರುವವರಿಗೂ ಹೊಟ್ಟೆಯ ಬದಲು ಎದೆಗೆ. ಒಂದು ವರ್ಷದ ಒಳಗಿನ ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗೆ ಮಾಡಿ, ಬೆನ್ನಿಗೆ 5 ಏಟು, ಆಮೇಲೆ ಮಗುಚಿ ಎದೆಯ ಮೇಲೆ 5 ಒತ್ತು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬಾರದು, ಇನ್ನೂ ಒಳಗೆ ಹೋಗುತ್ತದೆ. ನೀರು ಕೊಡಬಾರದು. ನಾನು ಕೊಟ್ಟ ಆ ಲೋಟ ಕಣ್ಣ ಮುಂದೆ ಬಂತು. ಒಬ್ಬರ ಮೇಲೊಬ್ಬರು ನಿಜವಾದ ಬಲ ಹಾಕಿ ಅಭ್ಯಾಸ ಮಾಡುವ ಹಾಗಿಲ್ಲ, ಒಳಗಿನ ಅಂಗಕ್ಕೆ ಪೆಟ್ಟಾಗುತ್ತದೆ. ಹಾಗಾಗಿ ನಿಲ್ಲುವುದು, ಕೈ ಇಡುವುದು ಮಾತ್ರ ಕಲಿತೆವು. ಇದಕ್ಕೆಂದೇ ಅಭ್ಯಾಸದ ಜಾಕೆಟ್ ಬರುತ್ತದಂತೆ. ಅಲ್ಲಿ ಇರಲಿಲ್ಲ. ನಾನು ಬರೀ ಈ ಒಂದಕ್ಕಾಗಿ ಹೋಗಿದ್ದರೆ ನಿರಾಸೆಯಾಗುತ್ತಿತ್ತು.

ಊಟ ಸಾಧಾರಣ, ಎರಡೂ ದಿನ ತಡ.

ಎರಡನೆಯ ದಿನದಲ್ಲಿ ನನಗೆ ಹೆಚ್ಚು ಬೇಕಾಗಿದ್ದು ಸುಟ್ಟಗಾಯ. ಅಡಿಗೆಮನೆಯಲ್ಲಿ ಹಂಚು, ಎಣ್ಣೆ, ಕುಕ್ಕರಿನ ಹಬೆ, ಯಾವುದು ಸುಡುವುದಿಲ್ಲ ಹೇಳಿ. ನಾವು ಹನ್ನೊಂದು ವರ್ಷ ಟೂತ್‌ಪೇಸ್ಟ್ ಹಚ್ಚುತ್ತಾ ಬಂದಿದ್ದೆವು. ಅಕ್ಕನ ಊರಲ್ಲಿ ಬೆಣ್ಣೆ. ಇನ್ನೊಬ್ಬರ ಊರಲ್ಲಿ ಇಂಕು. ವೈದ್ಯೆ ಎಲ್ಲವನ್ನೂ ಬೋರ್ಡಿನ ಮೇಲೆ ಬರೆಸಿಕೊಂಡು ಒಂದೊಂದಾಗಿ ಅಳಿಸಿದರು. ಹರಿಯುವ ತಣ್ಣೀರು, 20 ನಿಮಿಷ. ಗಡಿಯಾರ ನೋಡಿ 20. ಐಸ್ ಇಡಬಾರದು, ಅದು ಚರ್ಮವನ್ನು ಇನ್ನೂ ಕೆಡಿಸುತ್ತದೆ. ಊದುವ ಮೊದಲೇ ಬಳೆ, ಉಂಗುರ ತೆಗೆಯಬೇಕು. ಬೊಬ್ಬೆ ಒಡೆಯಬಾರದು. ಅಂಗೈಗಿಂತ ದೊಡ್ಡ ಗಾಯ, ಮುಖದ ಗಾಯ, ಕೀಲಿನ ಮೇಲಿನ ಗಾಯ ಆಸ್ಪತ್ರೆಗೆ. ನಾವು ಹಚ್ಚಿದ ಪೇಸ್ಟನ್ನು ಆಸ್ಪತ್ರೆಯಲ್ಲಿ ತಿಕ್ಕಿ ತೆಗೆಯಬೇಕಾಗುತ್ತದೆ, ಆ ನೋವು ಸುಟ್ಟ ನೋವಿಗಿಂತ ಜಾಸ್ತಿ ಅಂದರು. ಅಕ್ಕ ತನ್ನ ಮುಂಗೈಯ ಹಳೆಯ ಕಲೆಯನ್ನು ಸವರಿಕೊಂಡಳು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕದೆ, ಉರಿ ಆರಿಸಿ, ಮುಚ್ಚಳ ಮುಚ್ಚಿ ಬಿಡಬೇಕು ಅನ್ನುವುದನ್ನೂ ಅವರೇ ಹೇಳಿದರು.

ಕೊಯ್ದ ಗಾಯಕ್ಕೆ ಕಾಫಿಪುಡಿ, ಅರಿಶಿನ ತುಂಬುವುದೂ ಹಾಗೇ ಹೋಯಿತು. ಶುಭ್ರ ಬಟ್ಟೆ ಇಟ್ಟು ಗಟ್ಟಿ ಒತ್ತಿ, ಎತ್ತಿ ಎತ್ತಿ ನೋಡಬೇಡಿ. ಬಟ್ಟೆ ನೆಂದರೆ ಅದರ ಮೇಲೇ ಇನ್ನೊಂದು. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ವಾಲಿಸದೆ ಮುಂದಕ್ಕೆ ಬಗ್ಗಿ, ಮೂಗಿನ ಮೆತ್ತನೆಯ ಭಾಗ ಹಿಡಿದು 10 ನಿಮಿಷ. ಮೂರ್ಛೆ ರೋಗದವರ ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು ಬೇಡ. ಸುತ್ತಲಿನ ಗಟ್ಟಿ ವಸ್ತು ಸರಿಸಿ, ತಲೆ ಕೆಳಗೆ ಮೆತ್ತನೆಯದು ಇಟ್ಟು, ಸೆಳೆತ ನಿಂತ ಮೇಲೆ ಪಕ್ಕಕ್ಕೆ ಹೊರಳಿಸಬೇಕು. 5 ನಿಮಿಷ ದಾಟಿದರೆ 108. ಅಕ್ಕ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದಳು. ಅವಳ ತಮ್ಮನಿಗೆ ಮೂರ್ಛೆ ಇತ್ತು.

ಹಾವಿನ ಪಾಠಕ್ಕೆ ಮುಕ್ಕಾಲು ಗಂಟೆ ಹೋಯಿತು, ಹೋಗಲೇಬೇಕಿತ್ತು. ಅರ್ಧ ಕ್ಲಾಸು ಹೊಲ ಇದ್ದವರು. ಬಿಗಿದು ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಮೂರೂ ತಪ್ಪು. ಕಾಲು ಅಲುಗದ ಹಾಗೆ ಕೋಲು ಕಟ್ಟಿ, ನಡೆಸದೆ, ವಿಷಕ್ಕೆ ಮದ್ದು ಇರುವ ಆಸ್ಪತ್ರೆಗೆ. ಹಾವನ್ನು ಹುಡುಕಿ ಕೊಂದು ತರುವ ಅಗತ್ಯ ಇಲ್ಲ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ನಾಲ್ಕಕ್ಕೂ ಒಂದೇ ಇಂಜೆಕ್ಷನ್ ಕೆಲಸ ಮಾಡುತ್ತದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ನೋವೂ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಗ್ಗೆ ಹೊಟ್ಟೆನೋವು, ಕಣ್ಣೆವೆ ಜೋತು ಬೀಳುವುದು ಕಂಡರೆ ಅದನ್ನೂ ನೆನೆಯಬೇಕು. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕು. ಒಬ್ಬ ಹುಡುಗ ಎದ್ದು, ನಮ್ಮೂರಲ್ಲಿ ಮಂತ್ರ ಹಾಕುವವರ ಮನೆ ಮೊದಲು ಸಿಗುತ್ತದೆ, ಆಸ್ಪತ್ರೆ ಹದಿನೆಂಟು ಕಿಲೋಮೀಟರ್ ಅಂದ. ಸಾರ್ ಅವನನ್ನು ಬೈಯಲಿಲ್ಲ. ಬೈಕಿನ ಮೇಲೆ ಕಚ್ಚಿಸಿಕೊಂಡವರನ್ನು ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದು ಹೇಗೆ ಅಂತ ಮೂವರನ್ನು ಬೆಂಚಿನ ಮೇಲೆ ಕೂರಿಸಿ ತೋರಿಸಿದರು. ಇಂಥ ಮಾತಿಗಾಗಿಯೇ ನಮ್ಮ ಕಡೆಯವರು ಕಲಿಸಬೇಕು.

ತ್ರಿಕೋನ ಬಟ್ಟೆ ಕಟ್ಟುವುದು ಎಲ್ಲರಿಗೂ ಇಷ್ಟವಾಯಿತು. ಹಳೆಯ ಧೋತ್ರ ಹರಿದರೂ ಆಗುತ್ತದೆ. ಕೊನೆಗೆ ಅರ್ಧ ಗಂಟೆಯ ಪರೀಕ್ಷೆ, ಟಿಕ್ ಹಾಕುವ ಪ್ರಶ್ನೆ, ಕನ್ನಡದಲ್ಲೂ ಇತ್ತು. ಅಕ್ಕನಿಗೆ ಸಾರ್ ಪ್ರಶ್ನೆ ಓದಿ ಹೇಳಿದರು, ಉತ್ತರ ಅವಳದೇ. ಬೊಂಬೆಯ ಮೇಲೆ ಮಾತ್ರ ಒಬ್ಬೊಬ್ಬರನ್ನೂ ಪರೀಕ್ಷಿಸಲಿಲ್ಲ, ನಾಲ್ಕು ನಾಲ್ಕು ಮಂದಿಯಾಗಿ ಮಾಡಿಸಿದರು. ಇದು ನನಗೆ ಒಪ್ಪಿಗೆಯಾಗಲಿಲ್ಲ. ಕೈಗೆ ಬಂದಿದೆಯೋ ಇಲ್ಲವೋ ನೋಡದೆ ಸರ್ಟಿಫಿಕೇಟ್ ಕೊಡಬಾರದು. ಅದರ ಮೇಲೆ ಮೂರು ವರ್ಷ ಅಂತ ಇದೆ. ನನ್ನ ಕೈ ಮೂರು ತಿಂಗಳಿಗೇ ಮರೆಯುತ್ತದೆ ಅನ್ನಿಸಿತು. ಈಗ ಪ್ರತಿ ಸೋಮವಾರ ಮಧ್ಯಾಹ್ನ, ಪಾತ್ರೆ ತೊಳೆದಾದ ಮೇಲೆ, ಗಟ್ಟಿ ದಿಂಬಿನ ಮೇಲೆ ಇಬ್ಬರೂ ಎರಡೆರಡು ನಿಮಿಷ ಒತ್ತುತ್ತೇವೆ. ಬಡಿಸುವ ಹುಡುಗರಿಬ್ಬರನ್ನು ಮುಂದಿನ ಬ್ಯಾಚಿಗೆ ಕಳಿಸುತ್ತೇನೆ. ನಿಮ್ಮ ಕಡೆ ಇಂಥ ಕೋರ್ಸ್ ಇದ್ದರೆ, 6 ಮಂದಿಗೆ ಒಂದಾದರೂ ಬೊಂಬೆ ಇದ್ದರೆ, ಕಲಿಸುವವರು ನಿಮ್ಮ ಭಾಷೆಯವರಾಗಿದ್ದರೆ, ಯೋಚನೆ ಮಾಡದೆ ಹೋಗಿ. ಅಷ್ಟಿಲ್ಲದಿದ್ದರೂ ಹೋಗಿ, ಆದರೆ ಬೊಂಬೆಯ ಹತ್ತಿರ ಮುಂದಿನ ಸಾಲಿನಲ್ಲಿ ನಿಲ್ಲಿ. ಇನ್ನೊಂದು ಸುತ್ತು ಬೇಕು ಅಂತ ಕೇಳಿ ತೆಗೆದುಕೊಳ್ಳಿ.

ಕೋರ್ಸ್ ಮುಗಿದು ಹದಿನಾರನೇ ದಿನ ಕುಕ್ಕರಿನ ಹಬೆ ಅಕ್ಕನ ಮುಂಗೈಗೆ ಹೊಡೆಯಿತು. ಮಧ್ಯಾಹ್ನ ಒಂದೂವರೆ, ಎಲ್ಲ ಮೇಜೂ ತುಂಬಿತ್ತು. ಯಾರೋ ಪೇಸ್ಟ್ ತನ್ನಿ ಅಂದರು. ನಾನು ಅವಳ ಬಳೆ ಜಾರಿಸಿ ತೆಗೆದು, ಕೈಯನ್ನು ನಲ್ಲಿಯ ಕೆಳಗೆ ಹಿಡಿದೆ. ಐದು ನಿಮಿಷಕ್ಕೆ ಅವಳು ಸಾಕು ಬಿಡ್ರಿ, ರೊಟ್ಟಿ ಹೊತ್ತಾಗುತ್ತದೆ ಅಂದಳು. ನಾನು ಬಿಡಲಿಲ್ಲ. ಹಂಚು ಆರಿಸಿದೆ. ಹೊರಗೆ ಕೂತವರಿಗೆ ಕಾರಣ ಹೇಳಿದೆ. ಮೇಷ್ಟ್ರು ಕೈ ತೊಳೆದುಕೊಂಡು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಗೋಡೆಯ ಗಡಿಯಾರ ನೋಡುತ್ತಾ "ಇನ್ನೂ ಹನ್ನೊಂದು ನಿಮಿಷ ಐತಿ, ಹಿಡೀರಿ" ಅಂದರು.